ಸೋಸಿದ ಬೆಳಕು, ಸುರಿವ ಬೆಳಕು

ಧರ್ಮಪುರದಿಂದ ಗಡಿ ದಾಟಿ ಆಂಧ್ರದ ಅಮರಾಪುರದ ಕಡೆ ಹೋದರೆ ಹೇಮಾವತಿ. ಹಳೆಯ ಹೆಸರು ಹೆಂಜೇರು. ನೊಳಂಬವಾಡಿ 32000ವನ್ನು ಆಳಿದ ನೊಳಂಬರ ರಾಜಧಾನಿ. ಇಲ್ಲಿನ ದೊಡ್ಡೇಶ್ವರ ಗುಡಿ ಸುಮಾರು 9–10ನೇ ಶತಮಾನದ್ದು. ಲಿಂಗಕ್ಕೆ ಕೈಮುಗಿದ ಮೇಲೆ ಮಂಟಪದ ಗೋಡೆಗಳ ಕಡೆ ತಿರುಗಬೇಕು. ನೊಳಂಬರ ಉಳಿಯ ನಯವೆಲ್ಲ ಅಲ್ಲಿನ ಜಾಲಂಧ್ರಗಳಲ್ಲಿ, ಕಲ್ಲು ಕೊರೆದ ಕಿಟಕಿಗಳಲ್ಲಿದೆ.

ಒಂದೇ ಕಲ್ಲಿನ ಹಲಗೆ. ಅದರ ತುಂಬ ಬಳ್ಳಿ ಬಳುಕುತ್ತ ಏರಿ ಸುರುಳಿ ಸುತ್ತಿದೆ. ಬಳ್ಳಿಯ ನಡುವೆ ಪುಟ್ಟ ಮೂರ್ತಿಗಳು. ಒಂದರಲ್ಲಿ ಗಂಗೆ ನಿಂತಿದ್ದಾಳೆ. ಎಲೆಗೂ ಬಳ್ಳಿಗೂ ನಡುವಿನ ಕಲ್ಲನ್ನು ಶಿಲ್ಪಿ ಪೂರ್ತಿ ಕೊರೆದು ತೆಗೆದಿದ್ದಾನೆ, ಬೆಳಕಿಗೆ ದಾರಿ ಅದೇ. ಹೊರಗೆ ನಿಂತಾಗ ಮೈಗೆ ಬಿಸಿಲು ಬಿದ್ದ ಮೂರ್ತಿ ಮುಂದೆ ಬರುತ್ತದೆ, ರಂಧ್ರಗಳು ಕಪ್ಪಗೆ ಹಿಂದೆ ಸರಿಯುತ್ತವೆ. ಒಳಗೆ ಬಂದರೆ ಎಲ್ಲ ತಿರುವುಮುರುವು: ಮೂರ್ತಿ ನೆರಳಾಗಿ, ಖಾಲಿ ಜಾಗವೇ ಹೊಳೆಯುತ್ತದೆ. ಒಂದೇ ಕೆತ್ತನೆಗೆ ಎರಡು ರೂಪ. ಬಯಲುಸೀಮೆಯ ಉರಿಬಿಸಿಲು ರಾಗಿಹಿಟ್ಟು ಜರಡಿ ಹಿಡಿದಂತೆ ನುಣ್ಣಗಾಗಿ ನೆಲಕ್ಕೆ ಇಳಿಯುತ್ತದೆ.

ಬೆಳಕಿಗೆ ಬರವಿರುವ ನಾಡಿನಲ್ಲಿ ಕಟ್ಟುವವನ ಚಿಂತೆಯೇ ಬೇರೆ. ಅಲ್ಲಿ ಗೋಪುರವೂ ಬೆಳಕಿಗಾಗಿ ಏಳಬಹುದು. ನಮ್ಮ ಮೈಸೂರಿನ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಶಿಖರಗಳು ದೂರದ ಕಣ್ಣಿಗೆಂದು ಎದ್ದವು. ಒಳಗಿನ ಬೆಳಕಿಗೆ ಬಣ್ಣದ ಗಾಜಿನ ಕಿಟಕಿಗಳಿವೆ. ಗೋಪುರವೇ ಕಿಟಕಿಯಾದದ್ದನ್ನು ನೋಡಬೇಕಾದರೆ ಇಂಗ್ಲೆಂಡಿನ ಈಲಿಗೆ ಹೋಗಬೇಕು. 1322ರ ಫೆಬ್ರವರಿಯಲ್ಲಿ ಅಲ್ಲಿನ ಕ್ಯಾಥೆಡ್ರಲ್‌ನ ನಡುಗೋಪುರ ಕುಸಿದುಬಿತ್ತು. ಬಿದ್ದದ್ದನ್ನು ಇದ್ದಂತೆಯೇ ಎತ್ತಿ ನಿಲ್ಲಿಸುವ ಬದಲು, ಉಸ್ತುವಾರಿ ಹೊತ್ತಿದ್ದ ಅಲನ್ ಆಫ್ ವಾಲ್ಸಿಂಗ್‌ಹ್ಯಾಮ್ ನಡುವಿನ ಜಾಗವನ್ನೇ ಅಗಲಿಸಿ ಎಂಟು ಮೂಲೆಯದಾಗಿ ಮಾಡಿಸಿದ. ಅಷ್ಟು ಅಗಲಕ್ಕೆ ಕಲ್ಲಿನ ಕಮಾನು ಹೊದಿಸುವುದು ಕಷ್ಟ. ಹಾಗಾಗಿ ಬಡಗಿ ವಿಲಿಯಂ ಹರ್ಲಿಯ ಕೈಗೆ ಕೆಲಸ ಹೋಯಿತು. ಸುಮಾರು 63 ಅಡಿ ಉದ್ದದ ಎಂಟು ಓಕ್ ಕಂಬಗಳನ್ನು ಎತ್ತರದಲ್ಲಿ ನಿಲ್ಲಿಸಿ, ನಡುವೆ ಗಾಜು ಕೂರಿಸಿದರು. ಕೆಳಗೆ ನಿಂತವನಿಗೆ ಕಂಬಗಳ ಭಾರ ಎಲ್ಲಿ ಕೂತಿದೆಯೆಂದು ತಿಳಿಯುವುದಿಲ್ಲ. ಬುಡದ ತೊಲೆಗಳೆಲ್ಲ ಮರದ ಕಮಾನಿನ ಹೊದಿಕೆಯ ಹಿಂದೆ ಅಡಗಿವೆ. ಕಾಣುವುದು ನೆತ್ತಿಯ ಮೇಲಿನ ನಕ್ಷತ್ರಾಕಾರ, ಅಲ್ಲಿಂದ ಸುರಿಯುವ ಬೆಳಕು.

ಮೋಡದ ನಾಡಿನ ಬಡಗಿ ಸಿಕ್ಕಷ್ಟೂ ಬೆಳಕು ಬರಲೆಂದು ಮುಗಿಲಿಗೇ ಕಿಟಕಿ ತೆರೆದ. ನಮ್ಮ ಶಿಲ್ಪಿಗೆ ಬೆಳಕು ಬೇಕಾದ್ದಕ್ಕಿಂತ ಹೆಚ್ಚೇ ಇತ್ತು. ಎಷ್ಟು ಬಿಡಬೇಕು ಎಂಬುದರಲ್ಲಿ ಅವನ ಜಾಣ್ಮೆ. ಬೇಲೂರೇ ಸಾಕ್ಷಿ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವನ ನವರಂಗ ಮೊದಲು ತೆರೆದೇ ಇತ್ತು. ಜಾಲಂಧ್ರಗಳನ್ನು ಕೂರಿಸಿದ್ದು ಆಮೇಲೆ, ಇಮ್ಮಡಿ ಬಲ್ಲಾಳನ ಕಾಲದಲ್ಲಿ. ಇದ್ದ ಬೆಳಕು ತಗ್ಗಿತು. ಈಗ ಅಲ್ಲಿನ ಕಂಬಗಳ ಹೊಳಪು ಕಣ್ಣಿಗೆ ನಿಧಾನವಾಗಿ ದಕ್ಕುತ್ತದೆ.

ಈಲಿಯ ಬೆಳಕು ತಲೆಯೆತ್ತಿಸುತ್ತದೆ, ಹೆಂಜೇರಿನದು ಹತ್ತಿರ ಕರೆಯುತ್ತದೆ. ಈಲಿಯ ಕಿಟಕಿಯನ್ನು ಅದರ ಕೆಳಗೆ ನಿಲ್ಲದೆ ನೋಡಿದಂತಾಗುವುದಿಲ್ಲ. ಹೆಂಜೇರಿನ ಜಾಲಂಧ್ರಕ್ಕೂ ಇದೇ ಮಾತು: ಹೊರಗಿನಿಂದಷ್ಟೇ ಫೋಟೊ ಹೊಡೆದುಕೊಂಡು ಹೊರಟವರು ಶಿಲ್ಪಿಯ ಕೆಲಸದಲ್ಲಿ ಅರ್ಧವನ್ನಷ್ಟೇ ಕಂಡಿರುತ್ತಾರೆ.