ಕರೆ ಮಾಡಿದವನ ಹೊಣೆ ಎತ್ತಿದವನ ತಲೆಗೆ

ಗುರುತಿಲ್ಲದ ನಂಬರಿನಿಂದ ಫೋನ್ ಬಂದರೆ ಎತ್ತಲೇಬೇಡಿ ಎಂದು ಪೊಲೀಸರು ಹೇಳುತ್ತಾರೆ, ಬ್ಯಾಂಕಿನವರು ಹೇಳುತ್ತಾರೆ, ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳೂ ಹೇಳುತ್ತಾರೆ. ಸಂಬಳದ ಕೆಲಸದಲ್ಲಿರುವವರು ಈ ಮಾತನ್ನು ಪಾಲಿಸಬಹುದು. ಚನ್ನಗಿರಿ ತಾಲ್ಲೂಕಿನ ಕೆರೆಬಿಳಚಿಯಲ್ಲಿ ಅಡಿಕೆ ತೋಟ ಇಟ್ಟುಕೊಂಡವರಿಂದ ಅದು ಆಗುವುದಿಲ್ಲ.

ಕೊಯ್ಲಿನ ತಿಂಗಳುಗಳಲ್ಲಿ ಇಲ್ಲಿ ಕೆಲಸಕ್ಕೆ ಬರುವ ಫೋನುಗಳಲ್ಲಿ ಹೆಚ್ಚಿನವು ಹೊಸ ನಂಬರುಗಳವೇ. ತೋಟವನ್ನು ಖೇಣಿಗೆ, ಅಂದರೆ ಫಸಲಿನ ಗುತ್ತಿಗೆಗೆ, ಕೇಳುವವನು ಯಾರಿಂದಲೋ ನಂಬರು ಪಡೆದು ಮಾಡುತ್ತಾನೆ. ಗೊನೆ ಇಳಿಸುವ ತಂಡದ ಮೇಸ್ತ್ರಿ ಜೊತೆಯವನ ಫೋನಿನಿಂದ ಮಾಡುತ್ತಾನೆ. ಗೊಬ್ಬರದ ಲಾರಿಯ ಡ್ರೈವರು ಕ್ರಾಸಿನಲ್ಲಿ ನಿಂತು ದಾರಿ ಕೇಳುತ್ತಾನೆ. ದಾವಣಗೆರೆ ಆಸ್ಪತ್ರೆಯಲ್ಲಿ ಮಲಗಿರುವ ನೆಂಟರ ಸುದ್ದಿಯನ್ನು ಪಕ್ಕದ ಹಾಸಿಗೆಯವರ ಮಗ ತಿಳಿಸುತ್ತಾನೆ. 2024ರ ಬೇಸಿಗೆಯಲ್ಲಿ ಕೊಳವೆ ಬಾವಿಗಳು ಕೈಕೊಟ್ಟು ಚನ್ನಗಿರಿ ತಾಲ್ಲೂಕಿನ ತೋಟಗಳಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿದ ದಿನಗಳನ್ನು ನೆನೆದರೆ ಸಾಕು. ಟ್ಯಾಂಕರಿನವನ ಫೋನನ್ನು ಒಂದು ಸಲ ಎತ್ತದಿದ್ದರೆ ಆ ಲೋಡು ಇನ್ನೊಬ್ಬರ ತೋಟಕ್ಕೆ ತಿರುಗುತ್ತಿತ್ತು. ಇಂಥ ಊರಿನಲ್ಲಿ ಫೋನ್ ರಿಂಗಾದರೆ ಕೈ ಒರೆಸಿಕೊಂಡು ಓಡಿಬಂದು ಎತ್ತುತ್ತಾರೆ. ಆ ಕಡೆಯಿಂದ ಪರ್ಸನಲ್ ಲೋನ್ ಬೇಕಾ, ಕ್ರೆಡಿಟ್ ಕಾರ್ಡ್ ಬೇಕಾ, ಷೇರಿನ ಟಿಪ್ಸ್ ಬೇಕಾ ಎಂದು ಹಿಂದಿಯಲ್ಲೋ ಅರೆಬರೆ ಇಂಗ್ಲಿಷಿನಲ್ಲೋ ಮಾತು ಶುರುವಾಗುತ್ತದೆ. ಊರಿನಲ್ಲಿ ಉರ್ದು ಮಾತಾಡುವ ಮನೆಗಳೂ ಇವೆ, ಅವರಿಗೆ ಹಿಂದಿ ಕಿವಿಗೆ ಬೀಳುತ್ತದೆ. ಬಡ್ಡಿ, ಕಂತು, ಷರತ್ತುಗಳ ಓಟದಲ್ಲಿ ಅವರಿಗೂ ದಕ್ಕುವುದು ಅರ್ಧವೇ.

ಬೇಡದ ಕರೆಗಳನ್ನು ತಡೆಯಲು ನಮ್ಮ ದೇಶ ಕಟ್ಟಿಕೊಂಡಿರುವ ವ್ಯವಸ್ಥೆಯನ್ನು ಈ ತೋಟದ ಬದುವಿನಲ್ಲಿ ನಿಂತೇ ಅಳೆಯಬೇಕು. ಹಾಗೆ ಅಳೆದಾಗ ಅದರ ಮೂಲದ ಕೊರತೆ ಕಾಣುತ್ತದೆ. ತೊಂದರೆ ಕೊಟ್ಟವನ ಮೇಲಿರಬೇಕಾದ ಹೊಣೆಯನ್ನು ಅದು ತೊಂದರೆ ಪಟ್ಟವನ ಮೇಲೆ ಹೊರಿಸಿದೆ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಮೊದಲ ನಿಯಮ ತಂದದ್ದು 2007ರಲ್ಲಿ. ಕರೆ ಬೇಡ ಎನ್ನುವವರು ಹೆಸರು ಬರೆಸಿಕೊಳ್ಳಲು ಒಂದು ರಾಷ್ಟ್ರೀಯ ಪಟ್ಟಿ ಬಂತು. ಬೇಡ ಎಂದು ಹೇಳುವವರೆಗೆ ಎಲ್ಲರೂ ಬೇಕು ಎಂದವರೇ ಎಂಬ ಲೆಕ್ಕ ಅಲ್ಲಿಂದಲೇ ಶುರುವಾಯಿತು. ಸಾಲದು ಎಂದು ಕಂಡಾಗ 2010ರ ಹೊಸ ನಿಯಮಗಳು ಬಂದವು. ಅವು 2011ರ ಸೆಪ್ಟೆಂಬರಿನಲ್ಲಿ ಪೂರ್ತಿ ಜಾರಿಯಾದಾಗ ನೋಂದಾಯಿತ ಟೆಲಿಮಾರ್ಕೆಟಿಂಗ್ ಕರೆಗಳಿಗೆ 140ರಿಂದ ಶುರುವಾಗುವ ನಂಬರು ಸಿಕ್ಕಿತು. 2018ರಲ್ಲಿ ಮೂರನೇ ಸುತ್ತು: ಸಂದೇಶ ಕಳಿಸುವ ಕಂಪನಿ, ಅದರ ಹೆಸರಿನ ಅಕ್ಷರಗಳು, ಸಂದೇಶದ ಒಕ್ಕಣೆ ಎಲ್ಲವನ್ನೂ ಮುಂಚೆಯೇ ನೋಂದಾಯಿಸುವ ಬ್ಲಾಕ್‌ಚೈನ್ ಏರ್ಪಾಡು. ತಂತ್ರಜ್ಞಾನದ ಮಟ್ಟಿಗೆ ಇದು ದೊಡ್ಡ ಕೆಲಸ. ಎಸ್ಎಂಎಸ್ ಜಾಹೀರಾತಿನ ಗೊಂದಲಕ್ಕೆ ಒಂದು ಶಿಸ್ತು ಬಂದದ್ದು ಇದರಿಂದಲೇ ಎಂಬುದನ್ನು ಒಪ್ಪಬೇಕು.

ಆದರೆ ಆ ಶಿಸ್ತು ತಲುಪಿದ್ದು ನೋಂದಾಯಿಸಿಕೊಂಡವರನ್ನು ಮಾತ್ರ. ಹತ್ತಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದಲೋ ಕಚೇರಿಗಳಿಗೆ ಕೊಡುವ ಬಲ್ಕ್ ಲೈನುಗಳಿಂದಲೋ ಕರೆ ಮಾಡುವವನಿಗೆ 140ರ ಗೊಡವೆಯೇ ಇಲ್ಲ. 140 ಕಂಡೊಡನೆ ಜನ ಕಟ್ ಮಾಡುವುದನ್ನು ಕಲಿತರು. ಮಾರುವವರು ಆ ನಂಬರನ್ನೇ ಬಿಟ್ಟು ನಿಮ್ಮ ಭಾವಮೈದುನನ ನಂಬರಿನಂತೆ ಕಾಣುವ ನಂಬರಿನಿಂದ ಮಾಡುವುದನ್ನು ಕಲಿತರು. 2024ರ ಮೊದಲ ಆರು ತಿಂಗಳಲ್ಲಿ ನೋಂದಾಯಿಸಿಕೊಳ್ಳದ ಟೆಲಿಮಾರ್ಕೆಟಿಂಗ್‌ನವರ ಮೇಲೆ 7.9 ಲಕ್ಷಕ್ಕೂ ಹೆಚ್ಚು ದೂರು ಬಂದವೆಂದು ಟ್ರಾಯ್ ತಾನೇ ಹೇಳಿತು. ಆ ವರ್ಷದ ಆಗಸ್ಟ್ 13ರಂದು ಕಟ್ಟುನಿಟ್ಟಿನ ಆದೇಶ ಹೊರಡಿಸಿ, ಕೆಲವೇ ವಾರಗಳಲ್ಲಿ 2.75 ಲಕ್ಷ ಸಂಪರ್ಕಗಳನ್ನು ಕಡಿದು 50 ಸಂಸ್ಥೆಗಳನ್ನು ಕಪ್ಪುಪಟ್ಟಿಗೆ ಸೇರಿಸಲಾಯಿತು. ಇದನ್ನು ಸಾಧನೆಯೆಂದು ಪ್ರಕಟಿಸಿದರು. ನನಗೆ ಅದರಲ್ಲಿ ಕಾಣುವುದು ಬೇರೆ: ಮನಸ್ಸು ಮಾಡಿದರೆ ಇಷ್ಟು ಬೇಗ ಕಡಿಯಬಹುದಾದದ್ದನ್ನು ಅಷ್ಟು ವರ್ಷ ಬಿಟ್ಟದ್ದು ಯಾಕೆ? ಕರೆಯ ಪ್ರತಿ ನಿಮಿಷವೂ ದೂರಸಂಪರ್ಕ ಕಂಪನಿಗೆ ವ್ಯಾಪಾರ. ಆ ಕಂಪನಿಗೇ ಕಾವಲನ್ನೂ ವಹಿಸಿದ್ದೇವೆ.

ಈಗ ಒಬ್ಬ ಬೆಳೆಗಾರ ಈ ವ್ಯವಸ್ಥೆಯನ್ನು ಬಳಸುವುದನ್ನು ಹತ್ತಿರದಿಂದ ನೋಡೋಣ. ಎಲ್ಲ ಜಾಹೀರಾತೂ ಬೇಡವೆಂದರೆ 1909ಕ್ಕೆ ‘ಸ್ಟಾರ್ಟ್ 0’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಎಸ್ಎಂಎಸ್ ಮಾಡಬೇಕು. ಕೆಲವು ಮಾತ್ರ ಬೇಡವೆಂದರೆ ಬ್ಯಾಂಕು-ವಿಮೆಗೆ 1, ಸೈಟು-ಮನೆಗೆ 2, ಶಿಕ್ಷಣಕ್ಕೆ 3, ಆರೋಗ್ಯಕ್ಕೆ 4 ಎಂದು ಅಂಕಿ ಹಿಡಿದು ಹೋಗಬೇಕು. ಇದೆಲ್ಲ ಆದ ಮೇಲೂ ಕರೆ ಬಂದರೆ ದೂರು ಕೊಡಬೇಕು: ಮಾಡಿದವನ ನಂಬರು, ಬಂದ ದಿನಾಂಕ, ಏನು ಹೇಳಿದ ಎಂಬ ಒಕ್ಕಣೆ, ಮತ್ತೆ 1909ಕ್ಕೆ. ಅಂಗಳದಲ್ಲಿ ಹಂಡೆ ಕುದಿಯುತ್ತಿರುತ್ತದೆ, ಬೇಯಿಸಿದ ಅಡಿಕೆ ಹರವಬೇಕು, ಮೋಡ ಕಟ್ಟಿದರೆ ಟಾರ್ಪಾಲು ಎಳೆಯಬೇಕು. ಅಡಿಕೆ ಚೊಗರು ಹಿಡಿದ ಬೆರಳಿನಲ್ಲಿ ಆ ಒಕ್ಕಣೆ ಟೈಪ್ ಮಾಡುವವರು ಯಾರು? ಕೀಪ್ಯಾಡ್ ಫೋನ್ ಇಟ್ಟುಕೊಂಡ ಅಜ್ಜಿಯ ಕಥೆಯಂತೂ ಕೇಳಬೇಡಿ.

ಟ್ರಾಯ್ ತಂದ 2025ರ ಫೆಬ್ರವರಿ 12ರ ತಿದ್ದುಪಡಿ ಇಲ್ಲಿ ಕೆಲವು ಗಂಟುಗಳನ್ನು ಸಡಿಲಿಸಿದೆ. ಮೊದಲು ಮೂರು ದಿನದೊಳಗೆ ದೂರು ಕೊಡಬೇಕಿತ್ತು, ಈಗ ಏಳು ದಿನ. ಕ್ರಮಕ್ಕಿದ್ದ 30 ದಿನದ ಗಡುವು ಐದು ದಿನಕ್ಕೆ ಇಳಿದಿದೆ. ನೋಂದಣಿ ಇಲ್ಲದವನ ಮೇಲೆ ದೂರು ಕೊಡಲು ನೀವು ಮುಂಚೆ ಬೇಡ ಎಂದು ಬರೆಸಿರಲೇಬೇಕು ಎಂಬ ಷರತ್ತೂ ಹೋಯಿತು. ಒಳ್ಳೆಯ ಹೆಜ್ಜೆಗಳು. ಅರ್ಧ ಕೆಲಸ ಮಾತ್ರ ಮಾಡಿದ ಇನ್ನೊಂದು ಬದಲಾವಣೆಯೂ ಇದೆ. ಏಳು ದಿನದಲ್ಲಿ ಹತ್ತು ದೂರು ಬಂದರೆ ಕ್ರಮ ಎಂದಿದ್ದದ್ದನ್ನು ಹತ್ತು ದಿನದಲ್ಲಿ ಐದು ದೂರು ಎಂದು ಇಳಿಸಿದರು. ಸಂಖ್ಯೆ ಇಳಿಯಿತು, ತರ್ಕ ಹಾಗೇ ಉಳಿಯಿತು. ದಿನಕ್ಕೆ ನೂರಾರು ಜನರಿಗೆ ಫೋನ್ ಮಾಡುವ ನಂಬರಿನ ಲೆಕ್ಕ ದೂರಸಂಪರ್ಕ ಕಂಪನಿಯ ಸರ್ವರಿನಲ್ಲೇ ಇರುತ್ತದೆ. ಒಂದೇ ಸಿಮ್ಮಿನಿಂದ ಅಷ್ಟು ಹೊರಕರೆ, ಒಳಕ್ಕೆ ಬರುವ ಕರೆ ಇಲ್ಲವೇ ಇಲ್ಲ ಎಂದರೆ ಅದು ಯಾವ ಸಂಸಾರದ ಫೋನು? ಯಂತ್ರಕ್ಕೆ ಕಾಣುವುದನ್ನು ಐವರು ರೈತರು ಕೂತು ಬರೆದು ಹೇಳಲಿ ಎಂದು ಕಾಯುವುದು ನ್ಯಾಯವಲ್ಲ. ಅಸಹಜವಾಗಿ ಕರೆ ಮಾಡುವ ನಂಬರುಗಳನ್ನು ಕಂಪನಿಗಳೇ ಗುರುತಿಸಬೇಕೆಂದು ತಿದ್ದುಪಡಿಯೂ ಹೇಳುತ್ತದೆ. ಆ ಸಾಲನ್ನು ಜಾರಿಗೆ ತಂದರೆ ದೂರಿನ ಎಣಿಕೆಯ ಅಗತ್ಯವೇ ಕಡಿಮೆಯಾಗುತ್ತದೆ.

ಎಸ್ಎಂಎಸ್ಸಿನ ತಲೆಯಲ್ಲಿ ಬರುವ ಅಕ್ಷರಗಳನ್ನೂ ಒಮ್ಮೆ ನೋಡಿ. ಮೊದಲಕ್ಷರ ದೂರಸಂಪರ್ಕ ಕಂಪನಿಯದು, ಎರಡನೆಯದು ಸೇವಾ ವಲಯದ್ದು, ಅಂದರೆ ಸರ್ಕಲ್ಲಿನದು, ಕರ್ನಾಟಕಕ್ಕೆ ಎಕ್ಸ್. ಆಮೇಲೆ ಕಳಿಸಿದವರ ಹೆಸರಿನ ಆರು ಅಕ್ಷರ. 2025ರಿಂದ ಕೊನೆಗೆ ಒಂದು ಗೆರೆ ಎಳೆದು ಇನ್ನೊಂದು ಅಕ್ಷರ ಸೇರಿಸುತ್ತಿದ್ದಾರೆ: ಪಿ ಇದ್ದರೆ ಜಾಹೀರಾತು, ಎಸ್ ಇದ್ದರೆ ಸೇವೆ, ಟಿ ಇದ್ದರೆ ವಹಿವಾಟು, ಜಿ ಇದ್ದರೆ ಸರ್ಕಾರ. ತಿಳಿದವರಿಗೆ ಇದು ಬಹಳ ಉಪಯುಕ್ತ. ಸಬ್ಸಿಡಿ ಬಂದಿದೆ ಎಂಬ ಸಂದೇಶ ಕಳಿಸಿದವರ ಹೆಸರಿನ ತುದಿಯಲ್ಲಿ ಪಿ ಇದ್ದರೆ ಅದನ್ನು ಅಳಿಸಿ ಸುಮ್ಮನಾಗಬಹುದು. ಆದರೆ ಇದನ್ನು ಊರಿನ ಜನಕ್ಕೆ ಯಾರು ಹೇಳಿದರು? ಹಾಲಿನ ಡೇರಿಯ ಗೋಡೆಯ ಮೇಲೆ, ಗ್ರಾಮ ಪಂಚಾಯಿತಿಯ ಬೋರ್ಡಿನ ಮೇಲೆ ಈ ನಾಲ್ಕು ಅಕ್ಷರಗಳ ಅರ್ಥವನ್ನು ಕನ್ನಡದಲ್ಲಿ, ಉರ್ದುವಿನಲ್ಲಿ ಬರೆಸಲು ಹೆಚ್ಚು ಖರ್ಚಿಲ್ಲ. ಇಲ್ಲವೇ ಸಂದೇಶದ ಮೊದಲ ಪದವೇ ‘ಜಾಹೀರಾತು’ ಎಂದಿರಲಿ.

ನಂಬರು ಮಾರುವವರ ಕೈಗೆ ಹೋಗುವುದು ಎಲ್ಲಿಂದ? ಬಟ್ಟೆ ಅಂಗಡಿಯ ಬಿಲ್ ಕೌಂಟರಿನಲ್ಲಿ ‘ನಂಬರ್ ಹೇಳಿ ಅಣ್ಣ’ ಎನ್ನುತ್ತಾರೆ, ಹೇಳುತ್ತೇವೆ. ಲಕ್ಕಿ ಡ್ರಾ ಕೂಪನ್ನಿನಲ್ಲಿ ಹೆಸರಿನ ಕೆಳಗೆ ಮೊಬೈಲಿನ ಸಾಲು ಇರುತ್ತದೆ, ತುಂಬುತ್ತೇವೆ. ಸಾಲದ ಆ್ಯಪಿನಲ್ಲಿ ‘ಒಪ್ಪಿಗೆ’ ಒತ್ತದಿದ್ದರೆ ಮುಂದಿನ ಪುಟ ತೆರೆಯುವುದಿಲ್ಲ. ಮೊಬೈಲ್ ನಂಬರಿಗಾಗಿ ಗ್ರಾಹಕರನ್ನು ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಅದೇ ವರ್ಷದ ಆಗಸ್ಟಿನಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾನೂನೂ ಬಂತು. ಅದರ ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ, ಪೂರ್ತಿ ಜಾರಿಗೆ ಅಲ್ಲಿಂದ ಒಂದೂವರೆ ವರ್ಷದ ಗಡುವು. ದಿನಪತ್ರಿಕೆಯ ಮಧ್ಯೆ ಇಟ್ಟು ಕಳಿಸುವ ಪಾಂಪ್ಲೆಟನ್ನು ಒಲೆಗೆ ಹಾಕಿದರೆ ಮುಗಿಯಿತು. ಒಮ್ಮೆ ಕೊಟ್ಟ ನಂಬರನ್ನು ವಾಪಸು ಪಡೆಯುವ ದಾರಿ ಇಲ್ಲ. ಕೊಟ್ಟ ಒಪ್ಪಿಗೆಗಳನ್ನಾದರೂ ಒಂದೇ ಕಡೆ ನೋಡಿ ಬೇಡವಾದದ್ದನ್ನು ಹಿಂತೆಗೆದುಕೊಳ್ಳುವ ಏರ್ಪಾಡನ್ನು ಟ್ರಾಯ್ ಮತ್ತು ರಿಸರ್ವ್ ಬ್ಯಾಂಕ್ 2025ರಲ್ಲಿ ಕೆಲವು ಬ್ಯಾಂಕುಗಳೊಂದಿಗೆ ಪ್ರಯೋಗಕ್ಕೆ ತಂದವು. ಕಾಗದದ ಮೇಲೆ ನಾನು ಮೆಚ್ಚುವ ಏರ್ಪಾಡು ಇದು.

ಜನ ಕಂಡುಕೊಂಡ ಸ್ವಂತ ಉಪಾಯ ಟ್ರೂಕಾಲರ್. 2009ರಲ್ಲಿ ಸ್ವೀಡನ್ನಿನಲ್ಲಿ ಹುಟ್ಟಿದ ಇದಕ್ಕೆ ಇವತ್ತು ಅತಿ ದೊಡ್ಡ ಮಾರುಕಟ್ಟೆ ಭಾರತ. ಸ್ಮಾರ್ಟ್‌ಫೋನು, ಡೇಟಾ ಇದ್ದವರಿಗೆ ಅನುಕೂಲವೇ. ಆದರೆ ಕಾಯ್ದೆ ಮಾಡಬೇಕಾದ ಕೆಲಸವನ್ನು ಹೊರದೇಶದ ಖಾಸಗಿ ಕಂಪನಿಗೆ ಬಿಟ್ಟಂತಾಯಿತು. ಈಗ ಸಿಮ್ ಯಾರ ಹೆಸರಿನಲ್ಲಿದೆಯೋ ಆ ಹೆಸರನ್ನು ನೆಟ್‌ವರ್ಕೇ ತೋರಿಸುವ ಏರ್ಪಾಡು ಹಂತಹಂತವಾಗಿ ಬರುತ್ತಿದೆ. ನಮ್ಮ ಕಡೆ ಇದು ಹೇಗೆ ಕೆಲಸ ಮಾಡೀತು ಎಂಬ ಅನುಮಾನ ನನಗಿದೆ. ಹೆಂಡತಿಯ ಸಿಮ್ಮು ಗಂಡನ ಹೆಸರಿನಲ್ಲಿ, ಕೂಲಿಯವನ ಸಿಮ್ಮು ಮೇಸ್ತ್ರಿಯ ಹೆಸರಿನಲ್ಲಿ, ಮೊಮ್ಮಗನದು ಅಜ್ಜನ ಹೆಸರಿನಲ್ಲಿ ಇರುವ ಮನೆಗಳು ಎಷ್ಟಿಲ್ಲ? ಮೋಸಗಾರನ ಸಿಮ್ಮೂ ಯಾವನೋ ಬಡವನ ಹೆಸರಿನಲ್ಲೇ ಇರುತ್ತದೆ.

ಇಡೀ ವ್ಯವಸ್ಥೆಯಲ್ಲಿ ನಾನು ಮನಸಾರೆ ಹೊಗಳುವ ಭಾಗ 1600ರ ಸರಣಿ. ಬ್ಯಾಂಕುಗಳು ಸೇವೆಯ, ವಹಿವಾಟಿನ ಕರೆಗಳನ್ನು 1600ರಿಂದ ಶುರುವಾಗುವ ನಂಬರಿನಿಂದಲೂ, ಜಾಹೀರಾತಿನ ಕರೆಗಳನ್ನು 140ರಿಂದಲೂ ಮಾಡಬೇಕೆಂದು ರಿಸರ್ವ್ ಬ್ಯಾಂಕ್ 2025ರ ಜನವರಿ 17ರಂದು ಸುತ್ತೋಲೆ ಹೊರಡಿಸಿತು. ಇಲ್ಲಿ ಗುರುತು ಹೇಳಬೇಕಾದವನು ಕರೆ ಮಾಡುವವನು. ಎತ್ತುವವನು ಏನೂ ನೋಂದಾಯಿಸಬೇಕಿಲ್ಲ, ಆ್ಯಪ್ ಹಾಕಿಕೊಳ್ಳಬೇಕಿಲ್ಲ. ಕೀಪ್ಯಾಡ್ ಫೋನಿನಲ್ಲೂ ಮೊದಲ ನಾಲ್ಕು ಅಂಕಿ ಕಾಣುತ್ತವೆ. ಮಾಮೂಲಿ ಮೊಬೈಲ್ ನಂಬರಿನಿಂದ ‘ಬ್ಯಾಂಕಿನಿಂದ ಮಾತಾಡ್ತಿದೀನಿ’ ಎಂದವನು ಸುಳ್ಳುಗಾರ ಎಂದು ಅಜ್ಜಿಗೂ ಒಂದೇ ಮಾತಿನಲ್ಲಿ ಕಲಿಸಬಹುದು.

ಹೊಣೆಯನ್ನು ಮಾರುವವನ ಕಡೆ ತಿರುಗಿಸಿದ ಉದಾಹರಣೆ ನಮ್ಮಲ್ಲೇ ಹಳೆಯದಿದೆ. ಕಾಲರ್ ಟ್ಯೂನು, ಜ್ಯೋತಿಷ್ಯ, ಕ್ರಿಕೆಟ್ ಸ್ಕೋರು ಎಂದು ತಪ್ಪಿ ಒಂದು ಬಟನ್ ಒತ್ತಿದರೂ ಕರೆನ್ಸಿ ಕಡಿತವಾಗುತ್ತಿದ್ದ ಕಾಲ ನೆನಪಿರಬೇಕು. 2013ರಲ್ಲಿ ಟ್ರಾಯ್, ಗ್ರಾಹಕನಿಂದ ಎರಡನೇ ಸಲ ಒಪ್ಪಿಗೆ ಪಡೆಯದೆ ಸೇವೆ ಶುರು ಮಾಡಬಾರದೆಂದಿತು. ಗ್ರಾಹಕ ಸುಮ್ಮನಿದ್ದರೆ ಬೇಡ ಎಂದೇ ಅರ್ಥ. ಕರೆಗಳಿಗೂ ಇದೇ ನಿಯಮ ಯಾಕಿರಬಾರದು? ಅಮೆರಿಕದಲ್ಲಿ 2003ರಿಂದ ಇರುವ ಪಟ್ಟಿಯಲ್ಲೂ ಬೇಡ ಎಂದು ಹೇಳಬೇಕಾದವನು ಗ್ರಾಹಕನೇ. ಆದರೆ ನಿಯಮ ಮುರಿದರೆ ಭಾರಿ ದಂಡದ ಬಾಯಿಗೆ ಬೀಳುವವರಲ್ಲಿ ಮಾರುವ ಕಂಪನಿಯೂ ಇದೆ. ನಮ್ಮಲ್ಲಿ ಕರೆ ಮಾಡಿದ ನಂಬರನ್ನು ಕಡಿಯುತ್ತಾರೆ. ಮಾಡಿದವಳು ತಿಂಗಳ ಸಂಬಳಕ್ಕೆ ಕೂತ ಹುಡುಗಿ, ಅವಳ ಮೇಲೆ ನನಗೆ ಸಿಟ್ಟಿಲ್ಲ. ಯಾರ ಸಾಲವನ್ನು ಅವಳು ಮಾರುತ್ತಿದ್ದಳೋ ಆ ಕಂಪನಿ ‘ಏಜೆನ್ಸಿಯವರು ಮಾಡಿದ್ದು’ ಎಂದು ಕೈತೊಳೆದುಕೊಳ್ಳುತ್ತದೆ. ದಂಡ ಬೀಳಬೇಕಾದ್ದು ಅಲ್ಲಿ.

ವಾಟ್ಸಾಪಿನಲ್ಲಿ ಬರುವ ಜಾಹೀರಾತಿಗೆ ಟ್ರಾಯ್‌ನ ಈ ಯಾವ ನಿಯಮವೂ ಅನ್ವಯಿಸುವುದಿಲ್ಲ. ಎಸ್ಎಂಎಸ್ಸಿನಲ್ಲಿ ಬಿಗಿಯಾದದ್ದೆಲ್ಲ ಅಲ್ಲಿಗೆ ಹರಿಯುತ್ತಿದೆ. ಮುಂದಿನ ತಿದ್ದುಪಡಿ ಅದನ್ನು ಮುಟ್ಟದಿದ್ದರೆ ಇಷ್ಟು ವರ್ಷದ ದುಡಿಮೆ ನೀರಿಗೆ ಹೋಗುತ್ತದೆ.

ಅಲ್ಲಿಯವರೆಗೆ ಟ್ರಾಯ್ ಒಂದು ಸಣ್ಣ ಕೆಲಸ ಮಾಡಲಿ. 1909ಕ್ಕೆ ದೂರು ಕೊಟ್ಟವರಿಗೆ ಬರುವ ಉತ್ತರ ಕನ್ನಡದಲ್ಲಿರಲಿ, ಮತ್ತು ಅದರಲ್ಲಿ ದೂರು ಮುಕ್ತಾಯವಾಗಿದೆ ಎಂಬ ಒಂದು ಸಾಲಿನ ಬದಲು ಮೂರು ವಿಷಯಗಳಿರಲಿ: ಆ ನಂಬರು ಯಾರ ಪರವಾಗಿ ಕರೆ ಮಾಡುತ್ತಿತ್ತು, ಅದನ್ನು ಯಾವ ದಿನ ಕಡಿದರು, ಆ ಕಂಪನಿ ಎಷ್ಟು ದಂಡ ಕಟ್ಟಿತು.