ಪಣಂಬೂರಿನ ಬಿಸಿಲು, ಎಲ್ಲೂರಿನ ಕಲ್ಲಿದ್ದಲು

ಪಣಂಬೂರಿನ ನವಮಂಗಳೂರು ಬಂದರು ತನಗೆ ಬೇಕಾದ ವಿದ್ಯುತ್ತನ್ನೆಲ್ಲ ಸೌರಶಕ್ತಿಯಿಂದ ಪಡೆಯುವ ಬಂದರು ಎಂದು ಹೆಸರಾಗಿದೆ. ಅಲ್ಲಿನ ಸೌರಫಲಕಗಳ ಒಟ್ಟು ಸಾಮರ್ಥ್ಯ ಸುಮಾರು 5 ಮೆಗಾವ್ಯಾಟ್. ಪಕ್ಕದ ಎಂಆರ್‌ಪಿಎಲ್ ತೈಲ ಶುದ್ಧೀಕರಣಾಗಾರವೂ ತನ್ನ ಕಟ್ಟಡಗಳ ಮಾಡಿನ ಮೇಲೆ 6 ಮೆಗಾವ್ಯಾಟ್‌ನ ಫಲಕಗಳನ್ನು ಹಾಸಿದೆ. ಉಪ್ಪುಗಾಳಿ ಬೀಸುವ, ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಕರಾವಳಿಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ಬಿಸಿಲನ್ನು ನಂಬಿದ್ದು ನಿಜಕ್ಕೂ ಮೆಚ್ಚತಕ್ಕ ಕೆಲಸ.

ಆದರೆ ನೂರಕ್ಕೆ ನೂರು ಎಂಬುದನ್ನು ವರ್ಷದ ಲೆಕ್ಕವಾಗಿ ಓದಬೇಕು. ಬಂದರು ರಾತ್ರಿಯೂ ದುಡಿಯುತ್ತದೆ. ಮಳೆಗಾಲದ ಆಟಿ ತಿಂಗಳ ಮೋಡದಡಿ ಫಲಕಗಳ ಉತ್ಪಾದನೆ ಕುಸಿಯುತ್ತದೆ. ಆ ಹೊತ್ತಿಗೆ ಕೈಹಿಡಿಯುವುದು ಗ್ರಿಡ್. ಇದನ್ನು ದೋಷವೆನ್ನಲಾಗದು. ಕರಾವಳಿಗೆ ಬಿಸಿಲು ತಪ್ಪುವ ತಿಂಗಳುಗಳಲ್ಲೇ ಶರಾವತಿ, ವಾರಾಹಿ ಜಲಾಶಯಗಳು ತುಂಬುತ್ತವೆ, ಚಿತ್ರದುರ್ಗ, ಗದಗದ ಗಾಳಿಯಂತ್ರಗಳು ಜೋರಾಗಿ ತಿರುಗುತ್ತವೆ. ಕರ್ನಾಟಕದ ಮಟ್ಟಿಗೆ ಬಿಸಿಲು, ಗಾಳಿ, ನೀರು ಒಂದರ ಕೊರತೆಯನ್ನು ಇನ್ನೊಂದು ತುಂಬಬಲ್ಲವು. ಮಂಗಳೂರಿನ ಪ್ರಯೋಗಕ್ಕೆ ಬಲ ಬರುವುದು ಈ ಹೊಂದಾಣಿಕೆಯಿಂದ.

ನಿಜವಾದ ತೊಡಕು ಇರುವುದು ಲೆಕ್ಕದ ಗಡಿಯಲ್ಲಿ. 1 ಕಿಲೋವ್ಯಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆಂದು ಹಿಡಿದರೆ 5 ಮೆಗಾವ್ಯಾಟ್‌ನಿಂದ ವರ್ಷಕ್ಕೆ ಸುಮಾರು 73 ಲಕ್ಷ ಯೂನಿಟ್ ಸಿಗುತ್ತದೆ. ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವ್ಯಾಟ್ ಉಷ್ಣವಿದ್ಯುತ್ ಸ್ಥಾವರ ಪೂರ್ಣ ಸಾಮರ್ಥ್ಯದಲ್ಲಿ ನಡೆದರೆ ಅಷ್ಟನ್ನು ಉತ್ಪಾದಿಸಲು ಸುಮಾರು ಆರು ಗಂಟೆ ಸಾಕು. ಆ ಸ್ಥಾವರ ಉರಿಸುವ ವಿದೇಶಿ ಕಲ್ಲಿದ್ದಲು ಇಳಿಯುವುದು ಇದೇ ಬಂದರಿನಲ್ಲಿ. ಎಂಆರ್‌ಪಿಎಲ್‌ಗೆ ವರ್ಷಕ್ಕೆ 1.5 ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸಾಮರ್ಥ್ಯವಿದೆ. ಆ ತೈಲವೂ ಕಡಲಿನಿಂದಲೇ ಬರುತ್ತದೆ. ಬಂದರಿನ ಕ್ರೇನು, ದೀಪ, ಕಚೇರಿಗಳು ಬಳಸುವ ವಿದ್ಯುತ್ತು ಲೆಕ್ಕಕ್ಕೆ ಸಿಗುತ್ತದೆ. ಅಲ್ಲಿ ಹಾದುಹೋಗುವ ಇಂಗಾಲ ಸಿಗುವುದಿಲ್ಲ. ಹವಾಮಾನದ ದೃಷ್ಟಿಯಿಂದ ಎರಡನೆಯದೇ ದೊಡ್ಡದು. ಕೊನೆಯಪಕ್ಷ ದಕ್ಕೆಗೆ ಕಟ್ಟಿದ ಹಡಗುಗಳ ಪಾಲನ್ನಾದರೂ ಬಂದರಿನ ಲೆಕ್ಕಕ್ಕೆ ಸೇರಿಸಬೇಕು. ದಕ್ಕೆಯಲ್ಲಿ ನಿಂತ ಮೇಲೂ ಹಡಗುಗಳು ಸಾಮಾನ್ಯವಾಗಿ ತಮ್ಮ ಇಂಜಿನುಗಳಲ್ಲೇ ವಿದ್ಯುತ್ ತಯಾರಿಸಿಕೊಳ್ಳುತ್ತವೆ. ಅವಕ್ಕೆಲ್ಲ ದಡದಿಂದ ವಿದ್ಯುತ್ ಕೊಡಲು ಹೊರಟರೆ ಈಗಿನ 5 ಮೆಗಾವ್ಯಾಟ್ ಸಾಲದು. ಹೊಸ ಫಲಕಗಳಿಗೆ ಕಾರಣ ಸಿಗುವುದೇ ಅಲ್ಲಿ.

2021ರ ಜನವರಿಯಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಅನಿಲ ಕೊಳವೆಮಾರ್ಗವನ್ನೂ ಇದೇ ಎಚ್ಚರದಿಂದ ನೋಡಬೇಕು. ನಾಫ್ತಾ ಬಳಸುತ್ತಿದ್ದ ಮಂಗಳೂರಿನ ಎಂಸಿಎಫ್ ರಸಗೊಬ್ಬರ ಕಾರ್ಖಾನೆ ನೈಸರ್ಗಿಕ ಅನಿಲಕ್ಕೆ ಬದಲಾದದ್ದು ಲಾಭವೇ. ಆದರೂ ಅನಿಲ ಪಳೆಯುಳಿಕೆ ಇಂಧನ. ಅದನ್ನು ನವೀಕರಣೀಯದ ಖಾತೆಗೆ ಬರೆಯಲಾಗದು.

ಮನೆಗಳ ಮಟ್ಟದಲ್ಲಿ ಎರಡು ಸರ್ಕಾರಿ ಯೋಜನೆಗಳು ಎದುರುಬದುರಾಗಿವೆ. 2024ರ ಪಿಎಂ ಸೂರ್ಯಘರ್ 3 ಕಿಲೋವ್ಯಾಟ್‌ನ ಫಲಕಗಳಿಗೆ 78,000 ರೂಪಾಯಿ ಸಹಾಯಧನ ಕೊಡುತ್ತದೆ. 2023ರ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ವಿದ್ಯುತ್ ಉಚಿತ. ಮೆಸ್ಕಾಂನ ವಿದ್ಯುತ್ ಬಿಲ್ಲೇ ಸೊನ್ನೆಯಾಗಿರುವ ಮನೆ ಸಾಲ ಮಾಡಿ ಫಲಕ ಕೂರಿಸುವುದಿಲ್ಲ. ಬಡವರ ಮನೆಯ ಬೆಳಕನ್ನು ಕಿತ್ತುಕೊಳ್ಳದೆ, ಉಚಿತಕ್ಕೆ ಸಂದಾಯವಾಗುವ ಹಣದ ಒಂದು ಭಾಗವನ್ನು ಅದೇ ಮನೆಗಳ ಮಾಡಿನ ಫಲಕಕ್ಕೆ ತಿರುಗಿಸುವುದು ನ್ಯಾಯವಾದ ದಾರಿ.

ಮಂಗಳೂರಿನ ಹಳೆ ಬಂದರಿನ ಮೀನುಗಾರಿಕೆ ದಕ್ಕೆಯಲ್ಲಿ ಮಾತ್ರ ಇನ್ನೂ ಡೀಸೆಲ್‌ಗೆ ಪರ್ಯಾಯ ಒದಗಿಲ್ಲ. ಆಳಸಮುದ್ರಕ್ಕೆ ಹೋಗುವ ಟ್ರಾಲ್ ಬೋಟುಗಳು ಹತ್ತು ದಿನದವರೆಗೂ ಕಡಲಲ್ಲೇ ಇರುತ್ತವೆ; ಅಷ್ಟು ದಿನ ಬ್ಯಾಟರಿಯಲ್ಲಿ ಓಡುವ ಇಂಜಿನು ಮೀನುಗಾರರ ಕೈಗೆ ಬಂದಿಲ್ಲ. ಸರ್ಕಾರದ ಡೀಸೆಲ್ ತೆರಿಗೆ ರಿಯಾಯಿತಿ ಅವರ ದುಡಿಮೆಯನ್ನು ಉಳಿಸಿದೆ, ಇಂಧನವನ್ನು ಬದಲಿಸಿಲ್ಲ. ದಡದ ಸಮೀಪ ಹೋಗಿ ಅದೇ ದಿನ ಮರಳುವ ನಾಡದೋಣಿಗಳ ಯಂತ್ರಗಳಿಂದ ಈ ಬದಲಾವಣೆಯನ್ನು ಆರಂಭಿಸಬಹುದು.