ಸೊಂಟದ ಮೇಲಿನ ಕೂಸು ಮತ್ತು ಹತ್ತನೇ ತರಗತಿ

ಹೈಸ್ಕೂಲಿನಲ್ಲಿ ಮಗು ಸಾಕುವುದನ್ನು ಕಲಿಸಬೇಕೆಂಬ ಮಾತು ಬಂದಾಗಲೆಲ್ಲ ಎರಡು ಗುಂಪುಗಳು ಎದುರುಬದುರು ನಿಲ್ಲುತ್ತವೆ. ಅದು ಮನೆಯ ವಿದ್ಯೆ, ಅಜ್ಜಿ-ಅಮ್ಮಂದಿರಿಂದ ತಾನಾಗಿ ಬರುವಂಥದ್ದು, ಅದಕ್ಕೆ ಪಾಠವೇಕೆ ಎಂಬುದು ಒಂದು ಕಡೆಯ ವಾದ. ನಾಳೆ ಅಪ್ಪ-ಅಮ್ಮ ಆಗುವವರು ಇವರೇ, ಎಸ್ಸೆಸ್ಸೆಲ್ಸಿ ಪಾಸಾಗಲು ಇದನ್ನೂ ಕಡ್ಡಾಯ ಮಾಡಿ ಎಂಬುದು ಇನ್ನೊಂದು ಕಡೆಯದು. ಎರಡನೆಯವರ ಕಾಳಜಿ ನನಗೆ ಹತ್ತಿರದ್ದು. ಆದರೆ ಇಬ್ಬರೂ ಎಡವಿರುವುದು ಒಂದೇ ಕಲ್ಲಿಗೆ: ಮಗುವಿನ ಪಾಲನೆ ಈ ವಿದ್ಯಾರ್ಥಿಗಳ ಬದುಕಿನಲ್ಲಿ ಮುಂದೆಂದೋ ಬರುವ ಸಂಗತಿ ಎಂದು ಇಬ್ಬರೂ ನಂಬಿದ್ದಾರೆ.

ಬೆಂಗಳೂರಿನ ಅಂಚಿನ ಮಾಕಳಿಯಲ್ಲಿ ಒಂದು ಸಂಜೆ ಕಳೆದರೆ ಆ ನಂಬಿಕೆ ಉಳಿಯುವುದಿಲ್ಲ. ಪಕ್ಕದ ಮಾದಾವರಕ್ಕೆ ಮೆಟ್ರೊ ಬಂದದ್ದು 2024ರ ನವೆಂಬರಿನಲ್ಲಿ. ಪೀಣ್ಯದ ಕಾರ್ಖಾನೆ, ಗಾರ್ಮೆಂಟ್ಸ್, ತುಮಕೂರು ರಸ್ತೆಯ ಗೋದಾಮುಗಳನ್ನು ನಂಬಿಕೊಂಡ ಕುಟುಂಬಗಳು ಅದಕ್ಕೂ ಎಷ್ಟೋ ಮೊದಲೇ ಇತ್ತ ಬಂದು ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿ ನೆಲೆಸಿವೆ. ಅಜ್ಜಿ ಊರಲ್ಲೇ ಉಳಿದಿದ್ದಾಳೆ, ಅಪ್ಪ-ಅಮ್ಮ ಶಿಫ್ಟಿನಲ್ಲಿದ್ದಾರೆ. ಶಾಲೆಯಿಂದ ಬಂದ ಹುಡುಗಿ ಯೂನಿಫಾರ್ಮ್ ಬದಲಿಸುವ ಮೊದಲೇ ತಮ್ಮನನ್ನು ಸೊಂಟಕ್ಕೇರಿಸಿಕೊಳ್ಳುತ್ತಾಳೆ. ಉಣ್ಣಿಸುವವಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುವವಳು, ರಚ್ಚೆ ಹಿಡಿದಾಗ ಸಮಾಧಾನ ಮಾಡಿ, ತಾಳ್ಮೆ ತಪ್ಪಿದಾಗ ಒಂದು ಏಟು ಹಾಕಿ ಆಮೇಲೆ ತಾನೂ ಅಳುವವಳು ಅವಳೇ. ಇವಳನ್ನು ‘ಭಾವಿ ತಾಯಿ’ ಎನ್ನುವ ವಾದ ಅವಳು ಇವತ್ತು ಹೊತ್ತಿರುವ ಭಾರವನ್ನೇ ಅಳಿಸಿಹಾಕುತ್ತದೆ.

ಮನೆಯೇ ಕಲಿಸುತ್ತದೆ ಎನ್ನುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. ಕಾಲ ಮೇಲೆ ಮಲಗಿಸಿಕೊಂಡು ಕೂಸಿಗೆ ಎರೆಯುವ ಅಜ್ಜಿಯ ಕೈಹದ ಯಾವ ಪುಸ್ತಕದಲ್ಲೂ ಸಿಗದು. ಆದರೆ ಭೇದಿಯಾದ ಮಗುವಿಗೆ ನೀರು ಕೊಡಬೇಡ ಎನ್ನುವುದೂ, ಆರು ತಿಂಗಳು ತುಂಬುವ ಮುನ್ನವೇ ಜೇನು ನೆಕ್ಕಿಸುವುದೂ ಎಷ್ಟೋ ಮನೆಗಳಲ್ಲಿ ಅದೇ ಅಕ್ಕರೆಯಿಂದ ಬಂದದ್ದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಶೇ 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇದಕ್ಕೆ ಬಡತನ ದೊಡ್ಡ ಕಾರಣ, ಒಪ್ಪುತ್ತೇನೆ. ಆದರೆ ಮನೆಯ ವಿದ್ಯೆಯೊಂದೇ ಸಾಕೆಂದು ಈ ಅಂಕಿಯ ಮುಂದೆ ನಿಂತು ಹೇಳಲಾಗದು.

ಹಾಗಾದರೆ ಕಡ್ಡಾಯ ವಿಷಯ ಮಾಡೋಣವೇ? ಇಲ್ಲಿ ನನ್ನ ಜಗಳ ನನ್ನವರೊಂದಿಗೇ. ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 125 ಆಂತರಿಕ ಮೌಲ್ಯಮಾಪನದವು. ಪ್ರಾಜೆಕ್ಟು, ಚಟುವಟಿಕೆ, ಜೀವನ ಕೌಶಲ ಎಂದು ನಾವು ಆಸೆಯಿಂದ ತಂದದ್ದೆಲ್ಲ ಆ ಪೆಟ್ಟಿಗೆಯೊಳಗೆ ಹೋಗಿ ಅಂಗಡಿಯ ಚಾರ್ಟು, ನಕಲು ಮಾಡಿದ ರೆಕಾರ್ಡ್ ಆಗಿರುವುದನ್ನು ಮೇಷ್ಟರುಗಳೇ ನೋವಿನಿಂದ ಹೇಳುತ್ತಾರೆ. ‘ಮಗು ಅಳುವುದಕ್ಕೆ ಐದು ಕಾರಣಗಳನ್ನು ಬರೆಯಿರಿ’ ಎಂಬ ಪ್ರಶ್ನೆಗೆ ಗೈಡು ಉತ್ತರ ಒದಗಿಸುತ್ತದೆ. ಅಳುವ ಮಗುವಿನ ಮುಂದೆ ಆ ಉತ್ತರದಿಂದ ಏನೂ ಆಗದು. ಪಿಯುಸಿಯಲ್ಲಿರುವ ಗೃಹವಿಜ್ಞಾನದ ಪಾಡೂ ಪಾಠ ಹೇಳುತ್ತದೆ. ಮಗುವಿನ ಬೆಳವಣಿಗೆ, ಆಹಾರ, ಆರೋಗ್ಯವನ್ನು ಒಟ್ಟಿಗೆ ನೋಡುವ ಘನವಾದ ಶಾಸ್ತ್ರ ಅದು. ಹುಡುಗಿಯರ ವಿಷಯ ಎಂದು ನಾವು ಅದಕ್ಕೆ ಹಣೆಪಟ್ಟಿ ಕಟ್ಟಿ, ಹುಡುಗರನ್ನು ಹೊರಗಿಟ್ಟೆವು.

ಹೆದರಿಸಿ ಕಲಿಸುವ ದಾರಿಯೂ ಇದೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಹದಿಹರೆಯದ ಬಸಿರು ತಡೆಯಲೆಂದು ಹುಡುಗಿಯರ ಕೈಗೆ ಅಳುವ ಯಂತ್ರಗೊಂಬೆ ಕೊಟ್ಟರು. 57 ಶಾಲೆಗಳ ಈ ಪ್ರಯೋಗದ ಫಲಿತಾಂಶ 2016ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು: ಗೊಂಬೆ ಪಡೆದವರಲ್ಲಿ ಶೇ 8ರಷ್ಟು ಮಂದಿ 20 ತುಂಬುವುದರೊಳಗೆ ಹೆತ್ತಿದ್ದರು, ಪಡೆಯದವರಲ್ಲಿ ಶೇ 4ರಷ್ಟು. ಕೆನಡಾದಲ್ಲಿ ಮೇರಿ ಗಾರ್ಡನ್ 1996ರಲ್ಲಿ ಆರಂಭಿಸಿದ ‘ರೂಟ್ಸ್ ಆಫ್ ಎಂಪತಿ’ಯ ದಾರಿ ಬೇರೆ. ಅಲ್ಲಿ ನೆರೆಯ ಮನೆಯ ನಿಜವಾದ ಕೂಸು ಅಪ್ಪನ ಇಲ್ಲವೇ ಅಮ್ಮನ ಜೊತೆಗೆ ವರ್ಷವಿಡೀ ಆಗಾಗ ತರಗತಿಗೆ ಬರುತ್ತದೆ. ಅದರ ಮೊಗ ನೋಡಿ ಅದಕ್ಕೇನು ಬೇಕೆಂದು ಗುರುತಿಸುವುದೇ ಪಾಠ.

ನಮಗೆ ಕೂಸನ್ನು ಕರೆತರುವ ಕಷ್ಟವೂ ಇಲ್ಲ, ಅಂಗನವಾಡಿ ಇದೆ. 1975ರಲ್ಲಿ ಟಿ. ನರಸೀಪುರದಿಂದ ನಮ್ಮ ರಾಜ್ಯದಲ್ಲಿ ಶುರುವಾದ ಅಂಗನವಾಡಿಗೆ ಐವತ್ತು ವರ್ಷ ತುಂಬಿದೆ. ಹೈಸ್ಕೂಲಿಗೂ ಅದಕ್ಕೂ ಇವತ್ತಿಗೂ ಹೊಕ್ಕುಬಳಕೆಯಿಲ್ಲ. ಒಂಬತ್ತನೇ ತರಗತಿಯ ಹುಡುಗ-ಹುಡುಗಿಯರೆಲ್ಲ ವಾರಕ್ಕೊಂದು ಗಂಟೆ ಅಲ್ಲಿರಲಿ. ಮಕ್ಕಳ ತೂಕ ನೋಡಲಿ, ತಾಯಿ ಕಾರ್ಡ್ ಓದಲು ಕಲಿಯಲಿ, ಹೊಡೆಯದೆ ಹಟ ಇಳಿಸುವುದು ಹೇಗೆಂದು ಕಾಣಲಿ. ಎಸ್ಸೆಸ್ಸೆಲ್ಸಿಗೆ ಕೂರಲು ಈ ಹಾಜರಿ ಬೇಕೆನ್ನಿ. ಅಂಕ ಮಾತ್ರ ಬೇಡ.

ಎರಡು ಆಕ್ಷೇಪಗಳಿಗೆ ತೂಕವಿದೆ. ಅಂಗನವಾಡಿ ಕಾರ್ಯಕರ್ತೆ ಈಗಲೇ ಗೌರವಧನಕ್ಕೆ ಮೀರಿ ದುಡಿಯುತ್ತಿದ್ದಾರೆ. ಈ ಗಂಟೆಗೆ ಪ್ರತ್ಯೇಕ ಸಂಭಾವನೆ ಕೊಡದೆ ಇದನ್ನು ಅವರ ತಲೆಗೆ ಕಟ್ಟುವುದಾದರೆ ಈ ಯೋಜನೆಯೇ ಬೇಡ. ಇನ್ನೊಂದು ಇದಕ್ಕಿಂತ ಗಂಭೀರ. ಅದೇ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21.3ರಷ್ಟು ಮಂದಿಗೆ 18 ತುಂಬುವ ಮುನ್ನವೇ ಮದುವೆಯಾಗಿದೆ. ‘ಕಲಿತಾಯಿತಲ್ಲ, ಇನ್ನು ಮದುವೆ ಮಾಡೋಣ’ ಎನ್ನಲು ಇದೇ ನೆಪವಾಗದೇ? ಹುಡುಗಿಯರಿಗೆ ಮಾತ್ರ ಕಲಿಸಿದರೆ ಖಂಡಿತ ಆಗುತ್ತದೆ. ಹುಡುಗರೂ ಕೂತಾಗ ಅದು ಮದುವೆಯ ತಯಾರಿ ಆಗಿ ಉಳಿಯುವುದಿಲ್ಲ.

ನನ್ನ ವಾದ ಕೊನೆಗೆ ನಿಲ್ಲುವುದು ಹುಡುಗರ ಮೇಲೆಯೇ. ಮಾಕಳಿಯ ಆ ಹುಡುಗಿಗೆ ಹೊಸದಾಗಿ ಕಲಿಯಬೇಕಾದದ್ದು ಸ್ವಲ್ಪ. ಅದೇ ಬೀದಿಯಲ್ಲಿ ಕ್ರಿಕೆಟ್ ಆಡುತ್ತಿರುವ ಅವಳ ಅಣ್ಣನಿಗೆ ಬಹಳ. ವಾರದ ಆ ಒಂದು ಗಂಟೆ ಅಂಗನವಾಡಿಯಲ್ಲಿ ಕೂಸನ್ನು ಎತ್ತಿಕೊಳ್ಳಲು ಕಲಿತವನಿಗೆ ಸಂಜೆ ಮನೆಯಲ್ಲಿ ತಮ್ಮನನ್ನು ಎತ್ತಿಕೊಳ್ಳಲು ನಾಚಿಕೆಯಾಗದು. ತಂಗಿ ಹೋಂವರ್ಕಿಗೆ ಕೂರುವುದು ಆಗ.